ದೇವಾಲಯದ ಪಕ್ಕದ ಬಯಲು
(ಶತಮಾನೋತ್ಸವದ ನಾಟಕ ಸಂಜೆಯಲ್ಲಿ ಮಾಡಿದ ಭಾಷಣ)



ಯುವಕರ ನಾಟಕಕ್ಕೆ ಮುನ್ನ ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ದೇವಾಲಯದ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ಅದರ ಪಕ್ಕದ ಬಯಲಿನ ವಿಷಯವನ್ನು ಯಾರೂ ಬರೆದಂತಿಲ್ಲ. ಅದನ್ನು ಹೇಳುವ ಋಣ ನಮ್ಮ ಮೇಲಿದೆ.

ನಾವು ಬೆಳೆದ ಊರಿನಲ್ಲಿ ಸಂಜೆಯ ತ್ರಿಕಾಲ ಪ್ರಾರ್ಥನೆಯ ಗಂಟೆ ನಿಲ್ಲುವುದಕ್ಕೂ ಟೂರಿಂಗ್ ಟಾಕೀಸಿನ ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಆರಂಭವಾಗುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಟಿಕೆಟ್ಟು ಕೊಡುತ್ತಿದ್ದಾರೆಂಬುದಕ್ಕೆ ಅದೇ ಸೂಚನೆ. ನೆಲಕ್ಕೊಂದು ದರ, ಬೆಂಚಿಗೊಂದು, ಕುರ್ಚಿಗೊಂದು. ಮುಂದಿನವರ ತಲೆ ಅಡ್ಡವಾದರೆ ಮರಳನ್ನು ಗುಡ್ಡೆಮಾಡಿ ಅದರ ಮೇಲೆ ಕೂರುವ ಸೌಭಾಗ್ಯ ನೆಲದವರಿಗೆ ಮಾತ್ರ. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ವಿರಾಮ. ಕಡಲೆಕಾಯಿ ಮಾರುವವನಿಗೆ ಅದೇ ಸುಗ್ಗಿ.

ನಾಟಕದ ಕಂಪನಿಗಳನ್ನು ನಾವು ಕಂಡದ್ದು ಅವುಗಳ ಇಳಿಗಾಲದಲ್ಲಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ, 1934ರ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತೆಂದು ಹಿರಿಯರು ವರ್ಣಿಸುತ್ತಿದ್ದರು. ರಾಜ್‌ಕುಮಾರ್ ಅವರು 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗುವ ಮುನ್ನ ಪಳಗಿದ್ದು ಅಲ್ಲಿಯೇ. ಕಂಪನಿಯೆಂದರೆ ಒಂದು ದೊಡ್ಡ ಸಂಸಾರ. ಒಂದೇ ಒಲೆ, ಪರದೆಗಳ ಸುರುಳಿ, ಪೆಟ್ಟಿಗೆಗಳು, ತೊಟ್ಟಿಲ ಕೂಸುಗಳು. ಮಳೆ ಹಿಡಿದರೆ ಕಲೆಕ್ಷನ್ ನಿಂತಿತು. ಅಂಗಡಿಯ ಸಾಲ ತೀರದೆ ಊರು ಬಿಡುವಂತಿಲ್ಲ.

1989ರಲ್ಲಿ ನಾವು ಇದೇ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆವು. ವಿಚಾರಣಾ ಗುರುಗಳು ಊರಲ್ಲಿರಲಿಲ್ಲ. ಒಂದು ಕಂಪನಿಯ ಮ್ಯಾನೇಜರು ಬಂದು, ಈ ಬಯಲನ್ನು ಎರಡು ತಿಂಗಳ ಮಟ್ಟಿಗೆ ಕೊಡಬೇಕೆಂದು ಬೇಡಿದರು. ಭಾನುವಾರಗಳಂದು ದೂರದರ್ಶನವು ರಾಮಾಯಣ, ಮಹಾಭಾರತಗಳನ್ನು ಮನೆಬಾಗಿಲಿಗೇ ತಂದಿದ್ದ ಕಾಲ. ಅವರ ಕಷ್ಟವನ್ನು ವಿವರಿಸಬೇಕಿರಲಿಲ್ಲ. ಹಾರ್ಮೋನಿಯಂ ಸದ್ದಿನಿಂದ ಸಂಜೆಯ ಜಪಸರಕ್ಕೆ ಭಂಗವೆಂದೂ, ಯುವಕರು ಕೆಡುವರೆಂದೂ ಹೇಳಿ ನಾವು ನಿರಾಕರಿಸಿದೆವು. ಎರಡನೆಯ ವ್ಯಾಟಿಕನ್ ಮಹಾಸಭೆಯು ತನ್ನ 1963ರ ಆಜ್ಞಾಪತ್ರದಲ್ಲಿ ರಂಗಕಲೆಯನ್ನು ಪುರಾತನವೂ ಉದಾತ್ತವೂ ಆದ ಕಲೆಯೆಂದು ಮನ್ನಿಸಿದೆ. ಗುರುಮಠದಲ್ಲಿ ಅದನ್ನು ಓದಿ ಪರೀಕ್ಷೆಯಲ್ಲಿ ಬರೆದು ಉತ್ತೀರ್ಣರಾಗಿದ್ದೆವು. ಬಾಗಿಲಲ್ಲಿ ನಿಂತವರನ್ನು ಕಂಡಾಗ ಅದು ನೆನಪಾಗಲಿಲ್ಲ.

ಆ ಮ್ಯಾನೇಜರು ವಾದಿಸಲಿಲ್ಲ. ಕುಡಿಯಲು ನೀರು ಕೇಳಿದರು. ಅವರೊಡನೆ ಬಂದಿದ್ದ ನಟಿ, ಕ್ರೈಸ್ತರಲ್ಲದ ವೃದ್ಧೆ, ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೇಣದಬತ್ತಿಯೊಂದನ್ನು ಹಚ್ಚಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದೇ ಗೇಟಿನವರೆಗೆ ನಡೆದುಹೋದರು. ಆ ಬಯಲಿಗೆ ಮತ್ತಾವ ಕಂಪನಿಯೂ ಬರಲಿಲ್ಲ. ಜಪಸರಕ್ಕೆ ಯಾವ ಭಂಗವೂ ಇರಲಿಲ್ಲ. ಯುವಕರು ಮಾತ್ರ ಟೀವಿ ಇದ್ದ ಮನೆಗಳಲ್ಲಿದ್ದರು.

ಇಂದು ನಮ್ಮ ಹುಡುಗರು ಕಟ್ಟಿರುವ ಅರಮನೆಯ ಪರದೆಯನ್ನು ಬಾಗಿಲು ಮುಚ್ಚಿದ ಕಂಪನಿಯೊಂದರಿಂದ ಯಾರೋ ಕೊಂಡದ್ದಂತೆ. ಮೂರು ಕಡೆ ತೇಪೆ ಹಾಕಿದೆ. ಹತ್ತಿರ ಕುಳಿತವರಿಗೆ ಕಾಣುತ್ತದೆ. ಮೂರನೆಯ ಗಂಟೆ ಬಾರಿಸಲು ಅವರು ಕಾಯುತ್ತಿದ್ದಾರೆ. ನಾವು ಇಲ್ಲಿಗೆ ನಿಲ್ಲಿಸುತ್ತೇವೆ.