ವರ್ಣತಂತುಗಳು ಮತ್ತು ನಮ್ಮ ಮದುವೆ ಸಂಬಂಧಗಳು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಂದ ತಾವು ಬಂದಿದ್ದೀರಿ. ತಮ್ಮಲ್ಲಿ ಬಹಳ ಜನ ಒಬ್ಬರಿಗೊಬ್ಬರು ಬೀಗರು. ಆದ್ದರಿಂದ ಜೀವಶಾಸ್ತ್ರದ ಈ ಪಾಠವನ್ನು ಮದುವೆಯ ಮಾತಿನಿಂದಲೇ ಆರಂಭಿಸುತ್ತೇನೆ. ಮಗುವಿನ ಬೆಳವಣಿಗೆಯಲ್ಲಿ ಕೊರತೆ ಕಂಡರೆ, ಹೆಣ್ಣು ಮಕ್ಕಳೇ ಹುಟ್ಟಿದರೆ, ನಾವು ಮೊದಲು ಬೆರಳು ತೋರಿಸುವುದು ಸೊಸೆಯ ಕಡೆಗೆ. ಇದು ಎಷ್ಟು ಸರಿ ಎಂಬುದನ್ನು ನೋಡೋಣ.

ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ ತಲಾ ಸುಮಾರು ಎರಡು ಮೀಟರ್ ಉದ್ದದ ಡಿಎನ್ಎ ಎಳೆ ಇದೆ. ಭಾಗ್ಯನಗರದ ನೇಕಾರರ ಮನೆಗಳಲ್ಲಿ ನೂಲು ಸಿಕ್ಕಾಗದಂತೆ ಕಂಡಿಕೆ ಸುತ್ತುತ್ತಾರಲ್ಲ, ಹಾಗೆ ಕೋಶ ಒಡೆಯುವ ಹೊತ್ತಿಗೆ ಈ ಎಳೆಯೂ ಬಿಗಿಯಾಗಿ ಸುತ್ತಿಕೊಂಡು 46 ತುಂಡುಗಳಾಗಿ ಕಾಣುತ್ತದೆ. ಅವೇ ವರ್ಣತಂತುಗಳು. ಬಹುಕಾಲ ವಿಜ್ಞಾನಿಗಳು ಇವು 48 ಎಂದೇ ನಂಬಿದ್ದರು. ಸ್ವೀಡನ್ನಿನ ಲುಂಡ್ ನಗರದಲ್ಲಿ ಟಿಯೋ ಮತ್ತು ಲೆವಾನ್ ಸರಿಯಾಗಿ ಎಣಿಸಿ, 46 ಎಂದು ಪ್ರಕಟಿಸಿದ್ದು 1956ರಲ್ಲಿ. ಲೆಕ್ಕದಲ್ಲಿ ತಪ್ಪುವ ವಿದ್ಯಾರ್ಥಿಗಳು ಎದೆಗುಂದಬೇಕಾಗಿಲ್ಲ!

ಗಾಯ ಮಾಯುವಾಗ, ಮಗು ಬೆಳೆಯುವಾಗ ನಡೆಯುವುದು ಮೈಟಾಸಿಸ್. ಇದರಲ್ಲಿ 46 ಇದ್ದ ಕೋಶದಿಂದ 46 ಇರುವ ಎರಡು ಕೋಶಗಳಾಗುತ್ತವೆ. ಪ್ರೊಫೇಸ್, ಮೆಟಾಫೇಸ್ ಎಂಬ ಹಂತಗಳನ್ನು ತಾವು ಉರು ಹೊಡೆದಿದ್ದೀರಿ, ಅದನ್ನು ಬಿಡೋಣ. ಅಂಡಾಣು, ವೀರ್ಯಾಣುಗಳಿಗಾಗಿ ನಡೆಯುವ ಮಿಯಾಸಿಸ್ ಬೇರೆ. ಇಲ್ಲಿ ಜೋಡಿಗಳು ಬೇರ್ಪಟ್ಟು 23 ಮಾತ್ರ ಉಳಿಯುತ್ತವೆ. ತಾಯಿಯ 23, ತಂದೆಯ 23 ಕೂಡಿ ಮತ್ತೆ 46. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆ ಎಕ್ಸ್ ಕೊಟ್ಟರೆ ಹೆಣ್ಣು, ವೈ ಕೊಟ್ಟರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ತವರಿಗೆ ಕಳಿಸುವವರು ಈ ಒಂದು ವಾಕ್ಯವನ್ನಾದರೂ ಕೇಳಬೇಕು.

ಜೋಡಿ ಬೇರ್ಪಡುವಾಗ ಒಮ್ಮೊಮ್ಮೆ ತಪ್ಪಾಗುತ್ತದೆ. 21ನೇ ವರ್ಣತಂತು ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್. ಇಂಥ ಮಕ್ಕಳಲ್ಲಿ 47 ವರ್ಣತಂತುಗಳಿರುವುದನ್ನು ಫ್ರಾನ್ಸಿನ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಪ್ರಕಟಿಸಿದರು. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಾಧ್ಯತೆ ಹೆಚ್ಚು: 25ರಲ್ಲಿ ಸುಮಾರು 1250ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೆ ಇದು ಆಕೆಯ ನಡತೆಯ ಫಲವಲ್ಲ, ಗ್ರಹಣ ನೋಡಿದ್ದರಿಂದಲೂ ಅಲ್ಲ. ಬಹುಪಾಲು ಪ್ರಕರಣಗಳು ವಂಶದಿಂದ ಬಂದವೂ ಅಲ್ಲ. ನೂರಕ್ಕೆ ಮೂರು ನಾಲ್ಕರಲ್ಲಿ ಮಾತ್ರ 21ನೇ ವರ್ಣತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಆ ಅಂಟು ಆರೋಗ್ಯವಂತ ತಂದೆಯಿಂದಲೋ ತಾಯಿಯಿಂದಲೋ ಬಂದಿರಬಹುದು. ಆದ್ದರಿಂದ ಮಗುವಿನ ಕ್ಯಾರಿಯೋಟೈಪ್ ಪರೀಕ್ಷೆ ಮಾಡಿಸಿ, ಅಂಟು ಕಂಡುಬಂದರೆ ತಂದೆ ತಾಯಿ ಇಬ್ಬರೂ ಮಾಡಿಸಿಕೊಳ್ಳಬೇಕು.

ಹಾಗಾದರೆ ರಕ್ತ ಸಂಬಂಧದಲ್ಲಿ ಮದುವೆಯಾದರೆ ಏನು ಎಂದು ಕೇಳುವಿರಿ. ನಮ್ಮಲ್ಲಿ ಮಾಮು, ಚಾಚಾ, ಖಾಲಾ, ಫೂಫಿಯ ಮಕ್ಕಳ ನಡುವೆ ಸಂಬಂಧ ಬೆಳೆಸುತ್ತೇವೆ. ನೆರೆಯ ಹಿಂದೂ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯೂ ಇದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆ ತಾಯಿ ರಕ್ತ ಸಂಬಂಧಿಗಳಾಗಿದ್ದರು. ಇದರಿಂದ ವರ್ಣತಂತುಗಳ ಎಣಿಕೆ ತಪ್ಪುವುದಿಲ್ಲ. ಅಪಾಯ ಇರುವುದು ಅವುಗಳೊಳಗಿನ ವಂಶವಾಹಿಗಳಲ್ಲಿ. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಭಾಗ ಸಮಾನ. ಅಜ್ಜನಲ್ಲಿ ಅಡಗಿದ್ದ ಒಂದೇ ದೋಷ ಇಬ್ಬರಿಗೂ ಇಳಿದು ಬಂದಿರಬಹುದು.

ಬೀಟಾ ಥಲಸೇಮಿಯಾ ಇದಕ್ಕೆ ಉದಾಹರಣೆ. ಇದರ ವಂಶವಾಹಿ 11ನೇ ವರ್ಣತಂತುವಿನಲ್ಲಿದೆ. ಒಂದೇ ಪ್ರತಿ ಕೆಟ್ಟಿದ್ದರೆ ಅಲ್ಪ ರಕ್ತಹೀನತೆ ಅಷ್ಟೇ. ಅಂಥವರನ್ನು ವಾಹಕರು ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬಾರದು ಎಂಬ ಲೆಕ್ಕ ತಪ್ಪು. ತೀವ್ರ ರೋಗವಿರುವ ಮಗುವಿಗೆ ಎರಡು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ರಕ್ತದೊಡನೆ ಸೇರುವ ಕಬ್ಬಿಣ ತೆಗೆಯಲು ನಿತ್ಯ ಔಷಧಿ ಬೇಕು. ಕೂಲಿ ಬಿಟ್ಟು ಮಗುವನ್ನು ಹೊತ್ತು ಬಸ್ಸು ಹತ್ತುವ ತಂದೆ ತಾಯಿಯ ಪಾಡು ಏನೆಂದು ಯೋಚಿಸಿ.

ಧರ್ಮ ಅನುಮತಿಸಿದ ಸಂಬಂಧವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ರಕ್ತ ನೋಡಿ ಮಾಡಿ ಎನ್ನುತ್ತಿದ್ದೇನೆ. ಮಾತುಕತೆ ಗಟ್ಟಿಯಾಗುವ ಮೊದಲೇ ಹುಡುಗ ಹುಡುಗಿ ಇಬ್ಬರೂ ಸಿಬಿಸಿ ಮತ್ತು ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಲಿ. ಹುಡುಗಿಯದ್ದು ಮಾತ್ರ ಸಾಲದು. ಈಗಾಗಲೇ ಮದುವೆಯಾದ ದಂಪತಿಗಳಿಬ್ಬರೂ ವಾಹಕರೆಂದು ತಿಳಿದರೆ, ಗರ್ಭ ನಿಂತ ಕೂಡಲೇ ವೈದ್ಯರಿಗೆ ತಿಳಿಸಬೇಕು. 11ರಿಂದ 13ನೇ ವಾರದೊಳಗೆ ಗರ್ಭದಲ್ಲೇ ಪರೀಕ್ಷಿಸಲು ಸಾಧ್ಯವಿದೆ.