ಹಳ್ಳದ ಉಸಿರು



ನಮ್ಮ ತರಗತಿಗೆ ಕೇಳುತ್ತಿದ್ದ ಹಳ್ಳದ ಸದ್ದು ನಿಮಗೆ ನೆನಪಿರಬೇಕು. ಕಲ್ಲಿಗೆ ಬಡಿದು ನೊರೆಯೇಳುವಾಗ ನೀರು ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಎಷ್ಟು ಬೇಗ? ಬರೀ ಆಮ್ಲಜನಕ ಅಳೆದರೆ ಲೆಕ್ಕ ತಪ್ಪುತ್ತದೆ: ಪಾಚಿ ಹಗಲಲ್ಲಿ ಅದನ್ನು ಬಿಡುತ್ತದೆ, ಜೀವಿಗಳು ಸದಾ ಬಳಸುತ್ತವೆ. ಅದಕ್ಕೆ ವಿಜ್ಞಾನಿಗಳು ನೀರಿಗೆ ಸ್ವಲ್ಪ ಪ್ರೊಪೇನ್ ಅನಿಲ, ಜೊತೆಗೆ ಉಪ್ಪು ಬಿಡುತ್ತಾರೆ. ಬೇರೆ ನೀರು ಸೇರಿದರೆ ಎರಡೂ ತೆಳುವಾಗುತ್ತವೆ. ಗಾಳಿಗೆ ಹಾರುವುದು ಪ್ರೊಪೇನ್ ಮಾತ್ರ. ಅದು ಹಾರುವ ವೇಗದಿಂದ ಆಮ್ಲಜನಕ ಒಳಬರುವ ವೇಗವನ್ನು ಲೆಕ್ಕ ಹಾಕುತ್ತಾರೆ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹಿಡಿದಿಡುವ ಆಮ್ಲಜನಕ ಸುಮಾರು 9 ಮಿಲಿಗ್ರಾಂ ಅಷ್ಟೇ. ಕೊಳೆ ಸೇರಿದರೆ ಅದು ಬೇಗ ಖರ್ಚಾಗುತ್ತದೆ. ಮತ್ತೆ ತುಂಬದಿದ್ದರೆ ಮೀನು ಸಾಯುತ್ತವೆ. ಹಳ್ಳ ಶುಚಿ ಮಾಡುವಾಗ ಕಸ ತೆಗೆಯೋಣ; ಕಲ್ಲುಗಳನ್ನು ಅಲ್ಲೇ ಬಿಡೋಣ.