ಅಲಾರಂ ಬಾಯಿ ಮುಚ್ಚಿಸಬೇಡಿ

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಫೈರ್ ಅಲಾರಂ ಹೊಡೆದುಕೊಂಡರೆ ಎಷ್ಟು ಜನ ಮೆಟ್ಟಿಲಿಳಿದು ಹೊರಗೆ ಬರ್ತಾರೆ? ನಿಜ ಹೇಳಿ. "ಯಾರ ಮನೆಯದೋ ಒಗ್ಗರಣೆ ಇರಬೇಕು ಬಿಡಿ" ಅಂತ ಟೀವಿ ಸೌಂಡ್ ಜಾಸ್ತಿ ಮಾಡ್ತೀವಿ, ಅಷ್ಟೇ.

ಮೊದಲ ಸಲ ಒಗ್ಗರಣೆ. ಎರಡನೇ ಸಲ ಗೃಹಪ್ರವೇಶದ ಹೋಮ. ಮೂರನೇ ಸಲ ಸೊಳ್ಳೆಗೆ ಬಿಟ್ಟ ಹೊಗೆ. ನಾಲ್ಕನೇ ಸಲ ಸೆಕ್ಯುರಿಟಿಯವರೇ ಹೋಗಿ ಪ್ಯಾನೆಲ್ ಆಫ್ ಮಾಡಿಬಿಡ್ತಾರೆ. ಮತ್ತೆ ಆನ್ ಮಾಡೋದು ಯಾರು? 'ಹುಲಿ ಬಂತು ಹುಲಿ' ಕಥೆ ಎಲ್ಲರಿಗೂ ಗೊತ್ತು. ಕಥೆಯ ಕೊನೆಯಲ್ಲಿ ಹುಲಿ ನಿಜವಾಗಿಯೂ ಬಂತು ಅನ್ನೋದನ್ನು ಮರೀತೀವಿ.

2010ರ ಫೆಬ್ರವರಿ 23. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. 9 ಜೀವಗಳು ಹೋದವು. ಉಸಿರುಗಟ್ಟಿದವರು ಕಿಟಕಿಯಿಂದ ಹಾರಿದರು. ಬೆಂಕಿಗಿಂತ ಮೊದಲು ಕೊಲ್ಲೋದು ಹೊಗೆ. ಅದಕ್ಕೇ ಹೊಗೆಯ ಸುಳಿವು ಕೊಡುವ ಯಂತ್ರ ಬೇಕು.

ಹಾಗಾದರೆ ಅದು ಸುಮ್ಮಸುಮ್ಮನೆ ಯಾಕೆ ಕೂಗುತ್ತೆ? ಡಿಟೆಕ್ಟರ್ ಒಳಗೊಂದು ಬೆಳಕಿನ ಕಿರಣ ಇರುತ್ತೆ. ಹೊಗೆಯ ಕಣಕ್ಕೆ ತಗುಲಿ ಬೆಳಕು ಚದುರಿದರೆ ಅಲಾರಂ. ಆದರೆ ಧೂಳು, ಬಚ್ಚಲುಮನೆಯ ಹಬೆ, ಒಂದು ಪುಟ್ಟ ಹುಳ ಹೊಕ್ಕರೂ ಬೆಳಕು ಚದುರುತ್ತೆ.

ಡೇಟಾ ಸೆಂಟರ್‌ಗಳಲ್ಲಿ ಇದಕ್ಕಿಂತಲೂ ಸೂಕ್ಷ್ಮ ವ್ಯವಸ್ಥೆ ಇರುತ್ತೆ. ಪೈಪುಗಳಲ್ಲಿ ಗಾಳಿ ಎಳೆದುಕೊಂಡು ಲೇಸರ್‌ನಿಂದ ಪರೀಕ್ಷಿಸುತ್ತೆ. ಅಲ್ಲಿ ಹೇಗೆ ಸಂಭಾಳಿಸ್ತಾರೆ? ಆ ಕೋಣೆಯ ಮಾಮೂಲಿ ಗಾಳಿಯನ್ನು ಕೆಲವು ದಿನ ಅಳೆದು, ಆಮೇಲೆ ಮಿತಿ ನಿಗದಿ ಮಾಡ್ತಾರೆ. ಹೊಗೆ ಸ್ವಲ್ಪ ಕಂಡರೆ ಸಿಬ್ಬಂದಿಗೆ ಮಾತ್ರ ಸೂಚನೆ, ಅವರು ಹೋಗಿ ನೋಡ್ತಾರೆ. ಹೆಚ್ಚಾದರೆ ಸೈರನ್. ಫಿಲ್ಟರ್ ಆಗಾಗ ಬದಲಾಗುತ್ತೆ.

ನಮ್ಮ ಕಟ್ಟಡಗಳಿಗೂ ಅದೇ ಬುದ್ಧಿ ಸಾಕು. ಅಡುಗೆಮನೆಯಲ್ಲಿ ಹೊಗೆಯ ಬದಲು ಶಾಖ ಗುರುತಿಸುವ ಡಿಟೆಕ್ಟರ್ ಹಾಕಿಸಿ. ಬಚ್ಚಲ ಬಾಗಿಲ ಪಕ್ಕದ್ದನ್ನು ದೂರ ಸರಿಸಿ. ನಿಯಮಿತವಾಗಿ ಧೂಳು ತೆಗೆಸಿ. ಹೋಮ, ಪೇಂಟಿಂಗ್ ಇದ್ದ ದಿನ ಆ ಒಂದು ಭಾಗವನ್ನಷ್ಟೇ ನಿಲ್ಲಿಸಿ, ಅಲ್ಲಿ ಒಬ್ಬರನ್ನು ಕಾವಲಿಗಿಡಿ. ಯಾರು ನಿಲ್ಲಿಸಿದರು, ಎಷ್ಟು ಗಂಟೆಗೆ ಮತ್ತೆ ಆನ್ ಮಾಡಿದರು, ರಿಜಿಸ್ಟರ್‌ನಲ್ಲಿ ಬರೆಸಿ.

ಅಳೋ ಮಗುವಿನ ಬಾಯಿಗೆ ಬಟ್ಟೆ ತುರುಕ್ತೀವಾ? ಯಾಕೆ ಅಳ್ತಿದೆ ಅಂತ ನೋಡ್ತೀವಿ, ಅಲ್ವಾ?

ಇವತ್ತು ಕೆಳಗಿಳಿದಾಗ ಅಸೋಸಿಯೇಷನ್‌ನವರನ್ನು ಒಂದೇ ಮಾತು ಕೇಳಿ: "ನಮ್ಮ ಅಲಾರಂ ಆನ್ ಇದೆಯಾ?" ಉತ್ತರ ತಡವಾದರೆ, ಅದೇ ನಿಜವಾದ ಅಲಾರಂ.